ಮದ್ದಿಗೆ ಮಣಿಯದ ಅಪಸ್ಮಾರ: ಮಂಗಳೂರಿನಿಂದ ಹೊರಟ ದಾರಿಗಳು



ಮಂಗಳೂರಿನ ಹಂಪನಕಟ್ಟೆಯ ಜನಸಂದಣಿಯಲ್ಲಿ ಒಬ್ಬನು ಥಟ್ಟನೆ ನೆಲಕ್ಕುರುಳಿ ಕೈಕಾಲು ಸೆಳೆದುಕೊಳ್ಳತೊಡಗಿದರೆ, ನೆರೆದವರಲ್ಲಿ ಯಾರಾದರೊಬ್ಬರು ಬೀಗದ ಕೈಗೊಂಚಲನ್ನು ಅವನ ಅಂಗೈಗೆ ತುರುಕುವುದು ಇಂದಿಗೂ ಉಂಟು. ಬಹುತೇಕ ಸೆಳೆತಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ. ಅದು ಹಾಗಿರಲಿ. ಮಾತ್ರೆಯನ್ನು ತಪ್ಪದೆ ಸೇವಿಸಿಯೂ ಮರಳಿ ಮರಳಿ ಬೀಳುವವರಿದ್ದಾರೆ. ಅಂಥವರ ಚಿಕಿತ್ಸೆಯ ಚರಿತ್ರೆಯನ್ನು ಇಂದು ತಮ್ಮ ಮುಂದಿಡುತ್ತಿದ್ದೇವೆ.

ಆಯುರ್ವೇದವು ಈ ರೋಗವನ್ನು ಅಪಸ್ಮಾರವೆಂದು ಕರೆಯಿತು. ಸ್ಮೃತಿಯು ಅಗಲಿಹೋಗುವುದೆಂದು ಅರ್ಥ. ಚರಕಸಂಹಿತೆಯು ಇದರಲ್ಲಿ ನಾಲ್ಕು ಬಗೆಗಳನ್ನು ಹೇಳಿ, ಮೂರು ದೋಷಗಳೂ ಕೂಡಿದುದನ್ನು, ಕ್ಷೀಣಿಸಿದವನಿಗೆ ಬಂದುದನ್ನು ಮತ್ತು ಬಹುಕಾಲದಿಂದ ಬೇರೂರಿದುದನ್ನು ಅಸಾಧ್ಯವೆಂದಿತು. ಹಾಗೆಂದು ರೋಗಿಯನ್ನು ಕೈಬಿಡಲಿಲ್ಲ. ನೀರು, ಬೆಂಕಿ, ಮರ, ಬೆಟ್ಟಗಳಿಂದ ಅವನನ್ನು ಸದಾ ಕಾಪಾಡಬೇಕು, ಅವು ಕ್ಷಣದಲ್ಲಿ ಪ್ರಾಣ ತೆಗೆಯುತ್ತವೆ ಎಂದು ಎಚ್ಚರಿಸಿತು. ಮನೆಗೊಂದು ಬಾವಿಯಿರುವ, ನೇತ್ರಾವತಿಯೂ ಸಮುದ್ರವೂ ಪಕ್ಕದಲ್ಲಿರುವ, ತೆಂಗು ಕಂಗುಗಳನ್ನು ಏರಿ ಬದುಕುವ ಈ ಸೀಮೆಗೆ ಆ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ. ನಟರಾಜನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರನೇ. ಶಿವನು ಅವನನ್ನು ಕೊಲ್ಲದೆ ಮೆಟ್ಟಿ ನಿಂತಿದ್ದಾನೆ. ರೋಗವನ್ನು ಹತೋಟಿಯಲ್ಲಿಡುವುದೆಂದರೇನೆಂದು ಕೇಳಿದವರಿಗೆ ನಾವು ಆ ಮೂರ್ತಿಯನ್ನು ತೋರಿಸುವುದುಂಟು.

ಈಗ ವೆನ್ಲಾಕ್ ಎಂಬ ಹೆಸರಿನ ಸರಕಾರಿ ಆಸ್ಪತ್ರೆಯು ಮಂಗಳೂರಿನಲ್ಲಿ 1848ರಲ್ಲಿ ಆರಂಭವಾದಾಗ ಪಾಶ್ಚಾತ್ಯ ವೈದ್ಯರಲ್ಲಿಯೂ ಇದಕ್ಕೆ ತಕ್ಕ ಮದ್ದಿರಲಿಲ್ಲ. ಲಂಡನ್ನಿನ ಚಾರ್ಲ್ಸ್ ಲೊಕಾಕ್ ಬ್ರೋಮೈಡಿನ ಗುಣವನ್ನು ತಿಳಿಸಿದ್ದು 1857ರಲ್ಲಿ. ಫೀನೋಬಾರ್ಬಿಟೋನ್ 1912ರಲ್ಲಿ, ಫೆನಿಟಾಯಿನ್ 1938ರಲ್ಲಿ ಬಳಕೆಗೆ ಬಂದವು. ಒಂದೊಂದು ಮದ್ದು ಬಂದಾಗಲೂ ಅದಕ್ಕೆ ಮಣಿಯದವರ ಗುಂಪೊಂದು ಉಳಿಯುತ್ತಲೇ ಬಂದಿತು.

ಅವರಿಗೆ ನಮ್ಮ ದೇಶದಲ್ಲಿ ಬಾಗಿಲು ತೆರೆದುದು ವೆಲ್ಲೂರಿನಲ್ಲಿ. ಮಾಂಟ್ರಿಯಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡರ ಬಳಿ ಕಲಿತು ಬಂದ ಡಾ. ಜೇಕಬ್ ಚಾಂಡಿಯವರು 1949ರಲ್ಲಿ ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಸ್ಥಾಪಿಸಿ, 1952ರಲ್ಲಿ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆಯನ್ನು ಕೈಗೊಂಡರು. ಮಂಗಳೂರಿನಿಂದ ಮದರಾಸಿಗೆ ಹೋಗುವ ಮೆಯಿಲು ಗಾಡಿಯು ವೆಲ್ಲೂರಿಗೆ ಸಮೀಪದ ಕಾಟ್ಪಾಡಿಯಲ್ಲಿ ನಿಲ್ಲುತ್ತದೆ. ಹಾಸನದ ರೈಲುಮಾರ್ಗವು 1979ರವರೆಗೆ ಇಲ್ಲದಿದ್ದ ಕಾಲದಲ್ಲಿ, ರೋಗಿಯನ್ನು ಬಸ್ಸಿನಲ್ಲಿ ಘಟ್ಟ ಹತ್ತಿಸುವುದಕ್ಕಿಂತ ಈ ದಾರಿಯೇ ಮೇಲೆನಿಸಿದ್ದರೆ ಆಶ್ಚರ್ಯವಿಲ್ಲ.

ಮದ್ದಿಗೆ ಮಣಿಯದು ಎನ್ನಲು ಅಳತೆಯೇನು? ಗ್ಲಾಸ್ಗೋ ನಗರದ ವೈದ್ಯರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದುವರೆಗೆ ಮದ್ದು ಸೇವಿಸದಿದ್ದ 470 ರೋಗಿಗಳ ಪೈಕಿ ನೂರಕ್ಕೆ 47 ಮಂದಿಗೆ ಮೊದಲನೆಯ ಮದ್ದಿನಿಂದ, 13 ಮಂದಿಗೆ ಎರಡನೆಯದರಿಂದ ಸೆಳೆತ ನಿಂತಿತು. ಆ ಬಳಿಕದ ಪ್ರಯತ್ನಗಳಿಂದ ಗುಣ ಕಂಡವರು ನಾಲ್ಕು ಮಂದಿ ಮಾತ್ರ. ಆದಕಾರಣ ಅಂತರರಾಷ್ಟ್ರೀಯ ತಜ್ಞಮಂಡಲಿಯು 2010ರಲ್ಲಿ, ತಕ್ಕ ಎರಡು ಮದ್ದುಗಳು ಫಲಿಸದಿದ್ದರೆ ರೋಗವನ್ನು ಮದ್ದಿಗೆ ಮಣಿಯದುದೆಂದೇ ಎಣಿಸಬೇಕೆಂದಿತು. ಮೂರನೆಯದು, ನಾಲ್ಕನೆಯದು ಎಂದು ವರ್ಷಗಳನ್ನು ಕಳೆಯದೆ ಆಗಲೇ ಬೇರೆ ದಾರಿಯನ್ನೂ ವಿಚಾರಿಸಬೇಕೆಂಬುದು ಇದರ ತಾತ್ಪರ್ಯ.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಲೇಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ನಾವು ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿನಿಲಯದ ಬಾಲಕನೊಬ್ಬನಿಗೆ ಎರಡು ಬಗೆಯ ಮಾತ್ರೆಗಳಿಂದಲೂ ಸೆಳೆತ ನಿಲ್ಲಲಿಲ್ಲ. ಅದು ಪ್ರಾರಬ್ಧ, ಸಹಿಸಿಕೋ ಎಂದೆವು. ಆತನು ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದನು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಲ್ಲಿಯೇ ಅಪಸ್ಮಾರದ ಶಸ್ತ್ರಚಿಕಿತ್ಸೆ ಆರಂಭವಾಗಿತ್ತು. ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ. ನಾವು ವಿಚಾರಿಸಿಯೇ ಇರಲಿಲ್ಲ. ಕೆನಡಾದಲ್ಲಿ 80 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಗೆ ಆಯ್ದ ಗುಂಪಿನ ನೂರಕ್ಕೆ 58 ಮಂದಿ ಒಂದು ವರ್ಷದ ಬಳಿಕ ಪ್ರಜ್ಞೆ ತಪ್ಪಿಸುವ ಸೆಳೆತದಿಂದ ಮುಕ್ತರಾಗಿದ್ದರು. ಮದ್ದನ್ನೇ ಮುಂದುವರಿಸಿದವರಲ್ಲಿ 8 ಮಂದಿ. ಈ ಅಂಕಿಗಳನ್ನು ಓದಿದಾಗಲೆಲ್ಲ ಆ ಬಾಲಕನ ಮುಖ ಕಣ್ಣಮುಂದೆ ಬರುತ್ತದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಒದಗದು, ನಿಜ. ಸೆಳೆತವು ಮಿದುಳಿನ ಒಂದೇ ಎಡೆಯಲ್ಲಿ ಹುಟ್ಟಬೇಕು, ಆ ಎಡೆಯನ್ನು ತೆಗೆದರೆ ಮಾತು ಚಲನೆಗಳಿಗೆ ಕುಂದು ಬರಬಾರದು. ಅದನ್ನು ಇ.ಇ.ಜಿ., ಎಂ.ಆರ್.ಐ. ಮೊದಲಾದ ಪರೀಕ್ಷೆಗಳೇ ಹೇಳಬೇಕು.

ಶಸ್ತ್ರಚಿಕಿತ್ಸೆ ಒದಗದವರಿಗೆ, ವಿಶೇಷವಾಗಿ ಮಕ್ಕಳಿಗೆ, 1921ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಸೂಚಿತವಾದ ಕೊಬ್ಬುಪ್ರಧಾನ ಪಥ್ಯವುಂಟು. ಕುಚ್ಚಲಕ್ಕಿ ಗಂಜಿಯಿಲ್ಲದೆ ದಿನ ಬೆಳಗಾಗದ ಮನೆಗಳಲ್ಲಿ ಅದನ್ನು ನಡೆಸುವುದು ತಾಯಂದಿರಿಗೆ ದೊಡ್ಡ ವ್ರತವೇ ಸರಿ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಅದನ್ನು ಹಿಡಿಯಲಾಗದು. ಕತ್ತಿನ ವೇಗಸ್ ನರಕ್ಕೆ ವಿದ್ಯುತ್ ಸ್ಪಂದನ ಕೊಡುವ ಉಪಕರಣವೂ ಇದೆ. ಅದರ ವೆಚ್ಚ ಬಹಳ.

ಕೆಲವೊಮ್ಮೆ ಹಟದ ರೋಗವೆಂದು ಕಾಣುವುದರ ಕಾರಣ ಬಚ್ಚಲಿನಲ್ಲಿಯೇ ಇರುತ್ತದೆ. ಹಂಡೆಯ ಬಿಸಿನೀರನ್ನು ತಲೆಯ ಮೇಲೆ ಸುರಿದುಕೊಂಡಾಗ ಮಾತ್ರ ಬರುವ ಅಪಸ್ಮಾರವು ನಮ್ಮ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು 1988ರಲ್ಲಿ ಅಂಥ 279 ಮಂದಿಯ ವಿವರವನ್ನು ಪ್ರಕಟಿಸಿದರು. ನೀರಿನ ಬಿಸಿಯನ್ನು ತಗ್ಗಿಸಿದರೆ ಎಷ್ಟೋ ಮಂದಿಗೆ ಅರ್ಧ ಚಿಕಿತ್ಸೆಯಾದಂತೆ.

ಇನ್ನೊಂದು ಕಾರಣ ಮುಚ್ಚುಮರೆ. 1976ರ ತಿದ್ದುಪಡಿಯು ಹಿಂದೂ ವಿವಾಹ ಕಾಯಿದೆಯಲ್ಲಿ ಉನ್ಮಾದದ ಪಕ್ಕದಲ್ಲಿ ಅಪಸ್ಮಾರವನ್ನೂ ಸೇರಿಸಿ ಇಂಥವರ ಮದುವೆಗೆ ಅಡ್ಡಿಯನ್ನುಂಟುಮಾಡಿತು. 1999ರ ತಿದ್ದುಪಡಿಯು ಆ ಪದವನ್ನು ತೆಗೆದುಹಾಕಿತು. ಕಾಯಿದೆ ಬಿಟ್ಟರೂ ಭಯ ಬಿಟ್ಟಿಲ್ಲ. ಮದುವಣಗಿತ್ತಿಯು ಮಾತ್ರೆಯ ಡಬ್ಬಿಯನ್ನು ತವರಿನಲ್ಲಿಯೇ ಬಿಟ್ಟು ಹೋಗುತ್ತಾಳೆ. ಹಠಾತ್ತನೆ ಮದ್ದು ನಿಂತಾಗ ಸೆಳೆತಗಳು ಒಂದರ ಮೇಲೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ನಿಜವರಿಯದ ವೈದ್ಯರು ಮದ್ದು ಫಲಿಸಲಿಲ್ಲವೆಂದು ಬೇರೊಂದನ್ನು ಬರೆಯುತ್ತಾರೆ. ಮದುವೆಯ ಮಾತುಕತೆಗೆಂದು ಬರುವ ತಂದೆತಾಯಿಗಳನ್ನು ಈಚೆಗೆ ನಾವೇ ಏಕಾಂತದಲ್ಲಿ ಕರೆದು, ಮಗುವಿಗೆ ದಿನನಿತ್ಯದ ಮಾತ್ರೆಯೇನಾದರೂ ಇದೆಯೇ ಎಂದು ಕೇಳುತ್ತಿದ್ದೇವೆ.