ಟಿಪ್ಪಣಿ ಆಜ್ಞೆಯಾದ ಕಥೆ

1998ರ ನವೆಂಬರ್ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಹೈದರಾಬಾದಿನ ಮಾದಾಪುರದಲ್ಲಿ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ಒಂದು ಕಾಲಕ್ಕೆ ಗೋಲ್ಕೊಂಡ ಕೋಟೆಗೆ ನೀರು ಕೊಟ್ಟ ದುರ್ಗಂ ಚೆರುವು ಅಲ್ಲೇ ಪಕ್ಕದಲ್ಲಿದೆ. ಸುತ್ತ ಬಂಡೆಗಳು, ನಡುವೆ ಹತ್ತು ಮಹಡಿಯ ಗಾಜಿನ ಕಟ್ಟಡ. ಹೈಟೆಕ್ ಸಿಟಿ ಶುರುವಾದದ್ದು ಹಾಗೆ.

ಅದಕ್ಕೆ ಐದು ದಿನ ಮುಂಚೆ, ನವೆಂಬರ್ 17ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನ್ಯಾಯಾಧೀಶ ರೊನಾಲ್ಡ್ ವೈಟ್ ಅವರು ಮೈಕ್ರೋಸಾಫ್ಟ್ ವಿರುದ್ಧ ಒಂದು ತಡೆಯಾಜ್ಞೆ ಕೊಟ್ಟಿದ್ದರು. ಉದ್ಘಾಟನೆಯ ಹದಿನಾರು ದಿನಗಳ ನಂತರ, ಡಿಸೆಂಬರ್ 8ರಂದು, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ 1.2 ಬಿಡುಗಡೆ ಮಾಡಿತು. ಒಂದು ಕಟ್ಟಡ, ಒಂದು ಕೋರ್ಟ್ ಆದೇಶ, ಒಂದು ಸಾಫ್ಟ್‌ವೇರ್ ಆವೃತ್ತಿ. ಅವತ್ತಿನ ಪತ್ರಿಕೆಗಳಲ್ಲಿ ಈ ಮೂರನ್ನೂ ಒಂದೇ ಸುದ್ದಿಯಾಗಿ ಯಾರೂ ಬರೆಯುವ ಹಾಗಿರಲಿಲ್ಲ. ಮೂರೇ ವರ್ಷದಲ್ಲಿ ಮಾದಾಪುರದಲ್ಲಿ ತಯಾರಾದ ಒಂದು ಕಂಪೈಲರ್ ಅವುಗಳನ್ನು ಒಂದೇ ದಾರಕ್ಕೆ ಪೋಣಿಸಿತು. ಆ ದಾರದ ಹೆಸರು ಟಿಪ್ಪಣಿ. ಕೋಡಿನ ನಡುವೆ ಪ್ರೋಗ್ರಾಮರ್ ಬರೆಯುವ, ಕಂಪ್ಯೂಟರ್ ಓದದೆ ದಾಟಿ ಹೋಗಬೇಕಾದ ಸಾಲು.

ಇದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಕಂಪನಿ ಬರೆದ ಕೋಡನ್ನು ಬೇರೆಯವರು ಬಳಸಿ ತಮ್ಮ ಸಾಫ್ಟ್‌ವೇರ್ ಕಟ್ಟಲೆಂದು ಕೊಡುವ ಗಂಟಿಗೆ ಎಸ್‌ಡಿಕೆ, ಅಂದರೆ ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್ ಎನ್ನುತ್ತಾರೆ. ಕೈಪಿಡಿ ಇಲ್ಲದ ಎಸ್‌ಡಿಕೆ ಬೀಗದ ಕೈ ಇಲ್ಲದ ಪೆಟ್ಟಿಗೆಯಿದ್ದಂತೆ. ಹಿಂದೆ ಕೋಡ್ ಬರೆಯುವವರು ಬೇರೆ, ಕೈಪಿಡಿ ಬರೆಯುವವರು ಬೇರೆ. ಕೋಡ್ ಬದಲಾದ ಸುದ್ದಿ ಕೈಪಿಡಿಯವರಿಗೆ ತಲುಪುವುದರೊಳಗೆ ಅದು ಇನ್ನೊಮ್ಮೆ ಬದಲಾಗಿರುತ್ತಿತ್ತು. 1984ರಲ್ಲಿ ಡೊನಾಲ್ಡ್ ಕನೂತ್ ಈ ಎರಡೂ ಕೆಲಸವನ್ನು ಒಬ್ಬನೇ ಒಂದೇ ಕಡತದಲ್ಲಿ ಮಾಡಬೇಕು ಎಂದು ವಾದಿಸಿದರು. ಪ್ರೋಗ್ರಾಮ್ ಎಂಬುದು ಮನುಷ್ಯರು ಓದಲು ಬರೆದ ಪ್ರಬಂಧ, ಅದನ್ನು ಯಂತ್ರವೂ ನಡೆಸಬಲ್ಲದು ಅಷ್ಟೆ ಎಂಬುದು ಅವರ ನಿಲುವು. ಉದ್ಯಮಕ್ಕೆ ಅಷ್ಟು ಪುರುಸೊತ್ತು ಇರಲಿಲ್ಲ. ಅದು ಆ ಮಾತಿನ ಅಗ್ಗದ ಅರ್ಧವನ್ನು ಮಾತ್ರ ತೆಗೆದುಕೊಂಡಿತು.

ಆ ಅರ್ಧವೇ ಜಾವಾಡಾಕ್. 1996ರ ಜನವರಿಯಲ್ಲಿ ಜಾವಾ 1.0 ಜೊತೆ ಬಂದ ಈ ಉಪಕರಣ ಕೋಡಿನ ಕಡತವನ್ನು ತೆರೆದು, ಒಂದು ಓರೆಗೆರೆ ಮತ್ತು ಎರಡು ನಕ್ಷತ್ರದಿಂದ ಶುರುವಾಗುವ ಟಿಪ್ಪಣಿಗಳನ್ನು ಹೆಕ್ಕಿ, ವೆಬ್ ಪುಟಗಳನ್ನು ತಾನೇ ಕಟ್ಟುತ್ತಿತ್ತು. ಟಿಪ್ಪಣಿಯೊಳಗೆ @ ಗುರುತು ಹಾಕಿ 'ಪ್ಯಾರಮ್', 'ರಿಟರ್ನ್' ಎಂದು ಬರೆದರೆ ಅವು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಜಾವಾ 1.0ರಲ್ಲಿದ್ದದ್ದು ಇನ್ನೂರು ಚಿಲ್ಲರೆ ಕ್ಲಾಸ್, 1.2 ಬರುವ ಹೊತ್ತಿಗೆ ಸಾವಿರದ ಐನೂರು ದಾಟಿತ್ತು. ಕೈಯಲ್ಲಿ ಕೈಪಿಡಿ ಬರೆದು ಪೂರೈಸುವ ಮಾತೇ ಇರಲಿಲ್ಲ.

ಆದರೆ ಆರಂಭದ ಜಾವಾಡಾಕ್ ಒಂದೇ ಅಚ್ಚಿನ ಬೊಂಬೆ ಮಾಡುತ್ತಿತ್ತು. ಪ್ರತಿ ಮೆಥಡ್ ಪಕ್ಕ ಕೆಂಪು, ಹಳದಿ ಚೆಂಡಿನ ಪುಟ್ಟ ಚಿತ್ರ, ಶೀರ್ಷಿಕೆಗಳೂ ಚಿತ್ರಗಳೇ. ಆ ಚಿತ್ರಗಳ ಫೋಲ್ಡರನ್ನು ತಾವೇ ನಕಲು ಮಾಡಿ ಇಡದಿದ್ದರೆ ಪುಟದ ತುಂಬ ಒಡೆದ ಚೌಕಗಳು. ಇನ್ನೊಂದು ಹಟವೂ ಅದಕ್ಕಿತ್ತು. ಟಿಪ್ಪಣಿಯ ಮೊದಲ ವಾಕ್ಯವನ್ನು ಅದು ಸಾರಾಂಶವೆಂದು ಎತ್ತಿಕೊಳ್ಳುತ್ತಿತ್ತು. ವಾಕ್ಯ ಮುಗಿಯಿತು ಎಂದು ಅದಕ್ಕೆ ಗೊತ್ತಾಗುವುದು ಪೂರ್ಣವಿರಾಮ ಮತ್ತು ಅದರ ಮುಂದಿನ ಖಾಲಿ ಜಾಗದಿಂದ. 'ಡಾ. ರಾಜ್‌ಕುಮಾರ್' ಎಂದು ಶುರು ಮಾಡಿದರೆ ಸಾರಾಂಶದಲ್ಲಿ ಉಳಿಯುವುದು 'ಡಾ.' ಮಾತ್ರ. ಸನ್ ಕಂಪನಿಯ ಸ್ವಂತ ಬರವಣಿಗೆ ಸೂಚಿಯೇ ಈ ತೊಂದರೆಯನ್ನು ಒಪ್ಪಿಕೊಂಡು, ಪ್ರೊಫೆಸರ್ ಕನೂತ್ ಅವರ ಹೆಸರನ್ನೇ ಉದಾಹರಣೆಯಾಗಿ ಕೊಟ್ಟಿತ್ತು. ಕೋಡನ್ನು ಪ್ರಬಂಧದಂತೆ ಬರೆಯಿರಿ ಎಂದವರ ಬಿರುದನ್ನು ದಾಟಿ ಹೆಸರಿನವರೆಗೂ ಯಂತ್ರಕ್ಕೆ ಬರಲಾಗುತ್ತಿರಲಿಲ್ಲ. ಇದಕ್ಕೆ ಕೊಟ್ಟ ಪರಿಹಾರ, ವಿರಾಮದ ಮುಂದೆ ಒಡೆಯದ ಖಾಲಿ ಜಾಗದ ಸಂಕೇತ ತುರುಕುವುದು. ಅಂದರೆ ಬರೆಯುವವರು ಓದುಗರನ್ನು ಬಿಟ್ಟು ಉಪಕರಣದ ಮರ್ಜಿ ನೋಡಿಕೊಂಡು ಬರೆಯತೊಡಗಿದರು.

ಜಾವಾ 1.2 ಈ ಬಾಗಿಲನ್ನು ತೆರೆಯಿತು. ಓದುವ ಭಾಗ ಮತ್ತು ಪುಟ ಕಟ್ಟುವ ಭಾಗವನ್ನು ಬೇರೆ ಮಾಡಿ, ಕಟ್ಟುವ ಭಾಗಕ್ಕೆ 'ಡಾಕ್ಲೆಟ್' ಎಂದು ಹೆಸರಿಟ್ಟರು. ಯಾರು ಬೇಕಾದರೂ ತಮ್ಮದೇ ಡಾಕ್ಲೆಟ್ ಬರೆಯಬಹುದು: ವೆಬ್ ಪುಟದ ಬದಲು ಅಚ್ಚಿನ ಪುಸ್ತಕದ ರೂಪ, ಅಥವಾ ಟಿಪ್ಪಣಿ ಇಲ್ಲದ ಮೆಥಡ್‌ಗಳ ಪಟ್ಟಿ. 2002ರ 1.4ರಲ್ಲಿ ಇನ್ನೂ ಸಲೀಸಾಯಿತು. ಒಂದು ಸಾಲಿನ ಆಜ್ಞೆಯಲ್ಲಿ 'ಟುಡೂ' ಥರದ ಹೊಸ ಟ್ಯಾಗ್ ಹುಟ್ಟಿಸಬಹುದು, ಬೇಡವಾದದ್ದನ್ನು ಅಡಗಿಸಬಹುದು.

ಇಲ್ಲಿಗೆ ಸ್ಯಾನ್ ಹೋಸೆಯ ಆದೇಶ ಬಂದು ಸೇರುತ್ತದೆ. ಮೈಕ್ರೋಸಾಫ್ಟಿನ ವಿಷುಯಲ್ ಜೆ++ ಕೂಡ ಜಾವಾ ಟಿಪ್ಪಣಿಗಳನ್ನು ಓದುತ್ತಿತ್ತು, ಆದರೆ ಕೈಪಿಡಿ ಮಾಡಲು ಅಲ್ಲ. ಟಿಪ್ಪಣಿಯೊಳಗೆ @ ಹಾಕಿ 'ಡಿಎಲ್‌ಎಲ್.ಇಂಪೋರ್ಟ್' ಎಂದು ಬರೆದರೆ ಕಂಪೈಲರ್ ಅದನ್ನು ಆಜ್ಞೆಯೆಂದು ಪಾಲಿಸಿ, ವಿಂಡೋಸ್‌ನೊಳಗಿನ ಕೆಲಸಗಳಿಗೆ ನೇರ ದಾರಿ ಹಾಕಿಕೊಡುತ್ತಿತ್ತು. ಬೇರೆ ಜಾವಾ ಕಂಪೈಲರ್ ಕಣ್ಣಿಗೆ ಅದು ಬರೀ ಟಿಪ್ಪಣಿ. ಜಾವಾ ಎಲ್ಲ ಕಡೆ ಒಂದೇ ಥರ ನಡೆಯಬೇಕು ಎಂಬ ಒಪ್ಪಂದ ಮುರಿದಿದೆ ಎಂದು ಸನ್ 1997ರ ಅಕ್ಟೋಬರಿನಲ್ಲಿ ದಾವೆ ಹೂಡಿತ್ತು. ಇಂಥ ಆಜ್ಞೆಗಳು ತಾವಾಗಿ ಚಾಲೂ ಇರಕೂಡದು, ಬಳಸುವವರಿಗೆ ಎಚ್ಚರಿಕೆ ಕಾಣಬೇಕು ಎಂಬುದು ತಡೆಯಾಜ್ಞೆಯ ಒಂದು ಅಂಶ. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಸನ್ ಕಂಪನಿಯ ಕೈ ಕೂಡ ಪೂರಾ ಶುದ್ಧವಿರಲಿಲ್ಲ. 'ಇದನ್ನು ಇನ್ನು ಬಳಸಬೇಡಿ' ಎಂದು ಹೇಳುವ 'ಡೆಪ್ರಿಕೇಟೆಡ್' ಟ್ಯಾಗನ್ನು ಜಾವಾ 1.1ರಿಂದಲೇ ಅದರ ಸ್ವಂತ ಕಂಪೈಲರ್ ಟಿಪ್ಪಣಿಯೊಳಗಿಂದ ಓದಿ, ತಯಾರಾದ ಕಡತದಲ್ಲಿ ಗುರುತು ಹಾಕುತ್ತಿತ್ತು. ಟಿಪ್ಪಣಿಯೊಳಗೆ ಇಣುಕಬಾರದು ಎಂಬ ಮಡಿ ಯಾರ ಮನೆಯಲ್ಲೂ ಇರಲಿಲ್ಲ.

ದಾವೆ ಮುಗಿಯಿತು, ಆದರೆ ಜೆ++ನಲ್ಲಿ ಬರೆದ ಕೋಡ್ ಊರೂರಲ್ಲಿ ಉಳಿದಿತ್ತು. ಅದನ್ನು ಹೊಸ ಡಾಟ್‌ನೆಟ್ ವ್ಯವಸ್ಥೆಗೆ ತರುವ ಕೆಲಸ ಹೈಟೆಕ್ ಸಿಟಿಗೆ ಬಂತು. ಮೈಕ್ರೋಸಾಫ್ಟ್ 1998ರಲ್ಲೇ ಹೈದರಾಬಾದಿನಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸೆಂಟರ್ ತೆರೆದಿತ್ತು. ಅಲ್ಲಿ ತಯಾರಾದ ಭಾಷೆ ಜೆ ಶಾರ್ಪ್. 2001ರ ಅಕ್ಟೋಬರಿನಲ್ಲಿ ಬೀಟಾ, 2002ರಲ್ಲಿ ಪೂರ್ಣ ಆವೃತ್ತಿ. ಬರೆಯುವುದು ಜಾವಾ ಮಾದರಿಯಲ್ಲಿ, ಅದೂ ಹಳೆಯ 1.1.4ರ ಮಟ್ಟದಲ್ಲಿ, ನಡೆಯುವುದು ಡಾಟ್‌ನೆಟ್ ಮೇಲೆ ಮಾತ್ರ.

ಮಾದಾಪುರದ ತಂಡದ ಮುಂದಿದ್ದ ಇಕ್ಕಟ್ಟು ಸಣ್ಣದಲ್ಲ. ಡಾಟ್‌ನೆಟ್‌ನಲ್ಲಿ ಪ್ರಾಪರ್ಟಿ, ಡೆಲಿಗೇಟ್, ಆಟ್ರಿಬ್ಯೂಟ್ ಎಂಬ ಸಂಗತಿಗಳಿವೆ. ಜಾವಾ ವ್ಯಾಕರಣದಲ್ಲಿ ಅವಕ್ಕೆ ಪದವೇ ಇರಲಿಲ್ಲ. ಹೊಸ ಪದ ಸೇರಿಸಿದರೆ ಹಳೆಯ ಜಗಳ ಮತ್ತೆ ಎದ್ದೇಳುತ್ತದೆ. 'ಡೆಲಿಗೇಟ್' ಎಂಬ ಪದವೇ ಆ ದಾವೆಯ ಒಂದು ಕಿಡಿಯಾಗಿತ್ತು. ಉಳಿದದ್ದು ಜೆ++ ತೋರಿಸಿದ್ದ ಕಳ್ಳದಾರಿ. ಜೆ ಶಾರ್ಪ್‌ನಲ್ಲಿ ಮೆಥಡ್ ಮೇಲಿನ ಟಿಪ್ಪಣಿಯಲ್ಲಿ @ ಹಾಕಿ 'ಪ್ರಾಪರ್ಟಿ' ಎಂದರೆ ಅದು ಪ್ರಾಪರ್ಟಿಯಾಗುತ್ತದೆ, 'ಡೆಲಿಗೇಟ್' ಎಂದರೆ ಡೆಲಿಗೇಟ್, 'ಆಟ್ರಿಬ್ಯೂಟ್' ಎಂದರೆ ಡಾಟ್‌ನೆಟ್‌ನ ಆಟ್ರಿಬ್ಯೂಟ್. ಕೈಪಿಡಿಗೆಂದು ಹುಟ್ಟಿದ ಆ ಎರಡು ನಕ್ಷತ್ರದ ಟಿಪ್ಪಣಿಯೇ ವ್ಯಾಕರಣದ ಹಿತ್ತಿಲ ಬಾಗಿಲಾಯಿತು.

ಕೆಲಸವೇನೋ ನಡೆಯಿತು. ಬೆಲೆ ತೆತ್ತವರು ಆಮೇಲೆ ಆ ಕೋಡ್ ಓದಿದವರು. ಟಿಪ್ಪಣಿ ಅಳಿಸಿದರೆ ಪ್ರೋಗ್ರಾಮಿಗೆ ಏನೂ ಆಗದು ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪಾಠ. ಇಲ್ಲಿ ಅಳಿಸಿದರೆ ಪ್ರೋಗ್ರಾಮಿನ ಅರ್ಥವೇ ಬದಲಾಗುತ್ತದೆ. ಅದೇ ಕಡತಕ್ಕೆ ಜಾವಾಡಾಕ್ ಓಡಿಸಿದರೆ ಆ ಟ್ಯಾಗುಗಳು ಅದಕ್ಕೆ ಅಪರಿಚಿತ. ಒಂದೇ ಸಾಲು, ಇಬ್ಬರು ಓದುಗರು: ಒಬ್ಬ ಮನುಷ್ಯ, ಒಂದು ಕಂಪೈಲರ್. ಇಬ್ಬರಲ್ಲಿ ಯಾರಿಗೆಂದು ಬರೆದದ್ದು ಎಂದು ಸಾಲು ನೋಡಿ ಹೇಳಲಾಗುತ್ತಿರಲಿಲ್ಲ. ಆ ಹೊತ್ತಿಗೆ ಜಾವಾದವರೂ ಇದೇ ಹಾದಿ ಹಿಡಿದಿದ್ದರು. ಎಕ್ಸ್‌ಡಾಕ್ಲೆಟ್ ಎಂಬ ಉಪಕರಣ ಡಾಕ್ಲೆಟ್ ಸೌಲಭ್ಯವನ್ನು ತಿರುಗಿಸಿ, ಟಿಪ್ಪಣಿಯಿಂದ ಕೈಪಿಡಿಯ ಬದಲು ಇನ್ನಷ್ಟು ಕೋಡನ್ನೇ ಹುಟ್ಟಿಸುತ್ತಿತ್ತು. ಕೊನೆಗೆ 2004ರ ಜಾವಾ 5, ಯಂತ್ರಕ್ಕೆ ಹೇಳುವ ಮಾತಿಗೆ 'ಅನೊಟೇಶನ್' ಎಂಬ ಬೇರೆ ಜಾಗವನ್ನು ವ್ಯಾಕರಣದಲ್ಲೇ ಮಾಡಿತು. @ ಗುರುತು ಟಿಪ್ಪಣಿಯಿಂದ ಎದ್ದು ಕೋಡಿನೊಳಗೆ ಬಂದು ಕೂತಿತು. ಜೆ ಶಾರ್ಪ್ ಹೆಚ್ಚು ಕಾಲ ಬಾಳಲಿಲ್ಲ. ಮುಂದಿನ ಆವೃತ್ತಿಗಳಿಂದ ಕೈಬಿಡುವುದಾಗಿ 2007ರ ಜನವರಿಯಲ್ಲಿ ಕಂಪನಿ ಹೇಳಿತು, ವಿಷುಯಲ್ ಸ್ಟುಡಿಯೋ 2008ರಲ್ಲಿ ಅದು ಇರಲಿಲ್ಲ.

ಡಾಟ್‌ನೆಟ್‌ನ ಮುಖ್ಯ ಭಾಷೆಯಾದ ಸಿ ಶಾರ್ಪ್ ಇದೇ ಕೈಪಿಡಿ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿತ್ತು. ಮೂರು ಓರೆಗೆರೆಯ ಟಿಪ್ಪಣಿಯನ್ನು ಕಂಪೈಲರ್ ಎತ್ತಿ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಸುರಿದು ಕೈ ತೊಳೆದುಕೊಳ್ಳುತ್ತಿತ್ತು. ಪುಟ ಕಟ್ಟುವುದು ಇತರರ ಪಾಡು. ಆ ಪಾಡನ್ನು ಹೊತ್ತದ್ದು ಎನ್‌ಡಾಕ್ ಎಂಬ ಉಚಿತ, ಮುಕ್ತ ಉಪಕರಣ. ಮೈಕ್ರೋಸಾಫ್ಟಿನ ಎಂಎಸ್‌ಡಿಎನ್ ಮಾದರಿ, ಜಾವಾಡಾಕ್ ಮಾದರಿ, ಅಚ್ಚಿನ ಮಾದರಿ, ಹೀಗೆ ಬೇಕಾದ ವೇಷದಲ್ಲಿ ಅದು ಕೈಪಿಡಿ ಕೊಡುತ್ತಿತ್ತು. ಬಳಸಿದವರು ಬಹಳ, ನೆರವಾದವರು ಕಡಿಮೆ. 2006ರಲ್ಲಿ ಅದನ್ನು ನಡೆಸುತ್ತಿದ್ದ ಕೆವಿನ್ ಡೌನ್ಸ್ ಕೆಲಸ ನಿಲ್ಲಿಸಿದರು. ಹಣದ ನೆರವಿಲ್ಲ, ಕೈಜೋಡಿಸುವವರಿಲ್ಲ, ಸಾಲದ್ದಕ್ಕೆ ಯಾರೋ ಅವರ ಅಂಚೆಪೆಟ್ಟಿಗೆಗೆ ಮೇಲ್‌ಗಳ ಸುರಿಮಳೆ ಸುರಿಸಿ ದಾಳಿ ಮಾಡಿದ್ದರು. ಸಾವಿರಾರು ಪುಟಗಳ ಕೈಪಿಡಿಗಳು ಒಬ್ಬ ಮನುಷ್ಯನ ಸಂಜೆಗಳ ಮೇಲೆ ನಿಂತಿದ್ದವು ಎಂಬುದು ಹಲವರಿಗೆ ಆಗಲೇ ಹೊಳೆದದ್ದು.

ಅದೇ ಸುಮಾರಿಗೆ ಮೈಕ್ರೋಸಾಫ್ಟ್ ತಾನೇ ಸ್ಯಾಂಡ್‌ಕ್ಯಾಸಲ್ ಹೊರತಂದಿತು. ಅದು ಒಂದು ಉಪಕರಣವಲ್ಲ, ಉಪಕರಣಗಳ ಸಾಲು. ಒಂದು ಕೋಡಿನಿಂದ ಹೆಸರುಗಳನ್ನು ಹೆಕ್ಕುತ್ತದೆ, ಇನ್ನೊಂದು ರೂಪಾಂತರಿಸುತ್ತದೆ, ಮತ್ತೊಂದು ಟಿಪ್ಪಣಿ ಬೆರೆಸಿ ಪುಟ ಕಟ್ಟುತ್ತದೆ. ಪ್ರತಿ ಹಂತದಲ್ಲೂ ಕೈಹಾಕಬಹುದು, ಕೈಹಾಕದಿದ್ದರೆ ಏನೂ ಸರಿಯಾಗಿ ಬರುವುದಿಲ್ಲ. ಇದನ್ನು ಸಾಮಾನ್ಯರಿಗೆ ಬಳಸಲು ಬರುವಂತೆ ಮಾಡಿದ್ದು ಎರಿಕ್ ವುಡ್ರಫ್ ಎಂಬ ಹೊರಗಿನ ಪ್ರೋಗ್ರಾಮರ್ ಬರೆದ ಹೆಲ್ಪ್ ಫೈಲ್ ಬಿಲ್ಡರ್. 2012ರಲ್ಲಿ ಕಂಪನಿ ಸ್ಯಾಂಡ್‌ಕ್ಯಾಸಲನ್ನು ಕೈಬಿಟ್ಟಾಗ ಮುಂದುವರಿಸಿದ್ದೂ ಅವರೇ. ಮತ್ತೆ ಒಬ್ಬರ ಹೆಗಲು.

ಸ್ಯಾಂಡ್‌ಕ್ಯಾಸಲ್‌ನಲ್ಲಿ ಒಂದು ಕಡತ ಗಮನ ಸೆಳೆಯುತ್ತದೆ. 'ಶೇರ್ಡ್ ಕಂಟೆಂಟ್' ಎಂಬ ಈ ಕಡತದಲ್ಲಿ ಪುಟದ ತಲೆಬರಹ, ಅಡಿಬರಹ, ಸ್ಥಿರ ಪದಗಳು ಇರುತ್ತವೆ. ಅದನ್ನು ತಿದ್ದಿದರೆ ಇಡೀ ಕೈಪಿಡಿಯ ಶೀರ್ಷಿಕೆಗಳು ಕನ್ನಡಕ್ಕೋ ತೆಲುಗಿಗೋ ಒಂದೇ ದಿನದಲ್ಲಿ ತಿರುಗುತ್ತವೆ. ಶೀರ್ಷಿಕೆ ಮಾತ್ರ. ಕೆಳಗಿನ ವಿವರಣೆ ಇಂಗ್ಲಿಷಿನಲ್ಲೇ ಇರುತ್ತದೆ, ಏಕೆಂದರೆ ಅದು ಕೋಡ್ ಬರೆದವರ ಟಿಪ್ಪಣಿ. ಇದೇ ಹೈದರಾಬಾದಿನಲ್ಲಿ 1917ರಲ್ಲಿ ನಿಜಾಮನ ಸರ್ಕಾರ ಅನುವಾದ ವಿಭಾಗವೊಂದನ್ನು ತೆರೆದಿತ್ತು. ಮರುವರ್ಷ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ವಿಜ್ಞಾನದ ಪಠ್ಯಗಳನ್ನು ಉರ್ದುವಿನಲ್ಲಿ ಸಿದ್ಧಮಾಡುವುದು ಅದರ ಕೆಲಸ. ಕಲಬುರಗಿ, ಬೀದರ್, ರಾಯಚೂರಿನಿಂದ ಅಲ್ಲಿಗೆ ಹೋದ ಕನ್ನಡದ ಹುಡುಗರೂ ಓದಬೇಕಾದದ್ದು ಉರ್ದುವಿನಲ್ಲೇ. ಅದು ಯಾರ ಮಾತೃಭಾಷೆ ಎಂಬ ತಕರಾರು ಬೇರೆ. ಅಲ್ಲಿ ಮಾತ್ರ ಒಂದೊಂದು ಪಾರಿಭಾಷಿಕ ಪದಕ್ಕೂ ಮನುಷ್ಯರು ಕೂತು ಚರ್ಚಿಸಿದರು. ಅಚ್ಚು ಬದಲಿಸಿದ ಮಾತ್ರಕ್ಕೆ ಆ ಕೂತು ಚರ್ಚಿಸುವ ಕೆಲಸ ನಡೆದಂತಾಗದು.

ಟಿಪ್ಪಣಿಗೆ ಅಧಿಕಾರ ಬಂದದ್ದರ ದೊಡ್ಡ ಉದಾಹರಣೆ ಆಂಡ್ರಾಯ್ಡ್. ಗೂಗಲ್ ತನ್ನ ಎಸ್‌ಡಿಕೆ ಕೈಪಿಡಿಗಾಗಿ ಸ್ವಂತ ಡಾಕ್ಲೆಟ್ ಬರೆಸಿತು. ಮುಂದೆ ಅದು 'ಡಾಕ್ಲಾವಾ' ಎಂಬ ಹೆಸರಿನಲ್ಲಿ ಹೊರಬಂತು. ಒಂದು ಮೆಥಡ್‌ನ ಟಿಪ್ಪಣಿಯಲ್ಲಿ @ ಹಾಕಿ 'ಹೈಡ್' ಎಂದರೆ ಕೈಪಿಡಿಯಲ್ಲಿ ಅದು ಕಾಣದು. ಅಷ್ಟೇ ಅಲ್ಲ, ಹೊರಗಿನ ಪ್ರೋಗ್ರಾಮರುಗಳಿಗೆ ಕೊಡುವ ಎಸ್‌ಡಿಕೆಯ ಹೊರಗವಚವನ್ನೂ ಅದೇ ಉಪಕರಣ ತಯಾರಿಸುತ್ತಿದ್ದುದರಿಂದ ಅಲ್ಲಿಂದಲೂ ಅದು ಮಾಯ. ಫೋನಿನೊಳಗೆ ಮೆಥಡ್ ಜೀವಂತವಾಗಿದೆ, ನಡೆಯುತ್ತಿದೆ. ಆದರೆ ಟಿಪ್ಪಣಿ ಇಲ್ಲವೆಂದಿದೆ, ಹಾಗಾಗಿ ಇಲ್ಲ. ಚಾಲಾಕಿ ಪ್ರೋಗ್ರಾಮರುಗಳು ಬೇರೆ ದಾರಿಯಿಂದ ಅವನ್ನು ಕರೆಯುತ್ತಲೇ ಇದ್ದರು. 2018ರ ಆಂಡ್ರಾಯ್ಡ್ 9ರಿಂದ ವ್ಯವಸ್ಥೆಯೇ ಅಂಥ ಕರೆಗಳಿಗೆ ಅಡ್ಡಿ ಹಾಕತೊಡಗಿತು. ಪುಟದಲ್ಲಿ ಏನು ಕಾಣಬೇಕು ಎಂದು ಹೇಳಲು ಬಂದ ಒಂದು ಪದ, ಏನು ಮಾಡಬಹುದು ಎಂಬುದರ ಗಡಿಯನ್ನೂ ಎಳೆದಿತ್ತು.

ಅದೇ ವರ್ಷದ ಮಾರ್ಚಿನಲ್ಲಿ ಜಾವಾ 10 ಬಂತು. ಅದರೊಂದಿಗಿನ ಜಾವಾಡಾಕ್‌ಗೆ 'ಸಮ್ಮರಿ' ಎಂಬ ಹೊಸ ಟ್ಯಾಗ್ ಸೇರಿಸಿದ್ದರು. ಟಿಪ್ಪಣಿಯಲ್ಲಿ ಯಾವ ಭಾಗ ಸಾರಾಂಶ ಎಂದು ಬರೆದವರೇ ಗುರುತು ಮಾಡಬಹುದು; ಪೂರ್ಣವಿರಾಮ ಹುಡುಕುವ ಗೊಡವೆ ಯಂತ್ರಕ್ಕೆ ಬೇಡ. ಇಪ್ಪತ್ತೆರಡು ವರ್ಷಗಳ ಮೇಲೆ, ಖಾಲಿ ಜಾಗದ ಸಂಕೇತ ತುರುಕದೆಯೇ, ಪ್ರೊ. ಕನೂತ್ ಅವರ ಹೆಸರು ಸಾರಾಂಶದಲ್ಲಿ ಪೂರ್ತಿ ಅಚ್ಚಾಗುವಂತಾಯಿತು.