ಮೈ ಅಲ್ಯೂಮಿನಿಯಂ, ಬೆನ್ನೆಲುಬು ಉಕ್ಕು

ಹಳೆಯ ಲ್ಯಾಂಡ್ ರೋವರ್ ಪಿಕಪ್ ಕೊಳ್ಳಹೊರಟ ತಿಳಿದವರು ಮೊದಲು ಬಾನೆಟ್ ಎತ್ತಿ ಎಂಜಿನ್ ನೋಡುವುದಿಲ್ಲ. ಸಣ್ಣದೊಂದು ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ನುಸುಳುತ್ತಾರೆ. ಚಾಸಿಯನ್ನು ತಟ್ಟುತ್ತಾ ಹೋದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ದನಿ ಬದಲಾಗುತ್ತದೆ, ಕೆಲವೊಮ್ಮೆ ಸುತ್ತಿಗೆಯೇ ಒಳಗೆ ಹೋಗಿಬಿಡುತ್ತದೆ. ಮೇಲಿನ ಮೈ ನೋಡಿದರೆ ಇದರ ಸುಳಿವೂ ಸಿಗದು. ಎಪ್ಪತ್ತು ವರ್ಷ ಮಳೆಯಲ್ಲಿ ನೆನೆದ ಗಾಡಿಯ ಬಾಗಿಲು, ಮಡ್‌ಗಾರ್ಡುಗಳು ಬಹುಮಟ್ಟಿಗೆ ನೆಟ್ಟಗೇ ಇರುತ್ತವೆ. ಮೈ ಗಟ್ಟಿ, ಬೆನ್ನೆಲುಬು ಲೊಡ್ಡು. ಇದಕ್ಕೆ ಕಾರಣ ಹುಡುಕಿದರೆ ಎರಡನೇ ಮಹಾಯುದ್ಧ ಮುಗಿದ ಕಾಲದ ಬ್ರಿಟನ್ನಿಗೆ ಹೋಗಬೇಕು.

ಯುದ್ಧ ಗೆದ್ದಿದ್ದರೂ ಖಜಾನೆ ಬರಿದಾಗಿತ್ತು. ಉಕ್ಕಿಗೆ ರೇಷನ್, ಹೊರದೇಶಕ್ಕೆ ಮಾಲು ಮಾರುವ ಕಾರ್ಖಾನೆಗಳಿಗೆ ಮೊದಲ ಪಾಲು. ರೋವರ್ ಕಂಪನಿ ಮಾಡುತ್ತಿದ್ದದ್ದು ಒಳನಾಡಿನ ಅನುಕೂಲಸ್ಥರು ಕೊಳ್ಳುವ ಮರ್ಯಾದಸ್ಥ ಕಾರುಗಳನ್ನು. ಅದರ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ಆಂಗಲ್‌ಸೀ ದ್ವೀಪದ ತನ್ನ ಜಮೀನಿನಲ್ಲಿ ಸೈನ್ಯ ಬಿಟ್ಟುಹೋದ ಜೀಪ್ ಒಂದನ್ನು ಓಡಿಸುತ್ತಿದ್ದ. ಅಂಥದ್ದೇ ಒಂದು ರೈತರ ಗಾಡಿಯನ್ನು ನಾವೇ ಮಾಡಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. 1947ರ ಮೊದಲ ಮಾದರಿಯನ್ನು ಕಟ್ಟಿದ್ದೂ ಜೀಪಿನ ಚಾಸಿಯ ಮೇಲೆಯೇ.

ಉಕ್ಕಿನ ಹಾಳೆ ಸಿಗದಿದ್ದರಿಂದ ಮೈಗೆ ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಬಂತು. ಚಾಸಿಗೆ ಮಾತ್ರ ಉಕ್ಕೇ ಬೇಕು. ಆದರೆ ಉದ್ದನೆಯ ತೊಲೆಗಳನ್ನು ಒತ್ತಿ ತೆಗೆಯುವ ದೊಡ್ಡ ಪ್ರೆಸ್ ಅಚ್ಚುಗಳಿಗೆ ಸುರಿಯಲು ದುಡ್ಡಿಲ್ಲ. ಆದ್ದರಿಂದ ಚಪ್ಪಟೆ ಹಾಳೆಗಳಿಂದ ಪಟ್ಟಿಗಳನ್ನು ಕತ್ತರಿಸಿ, ನಾಲ್ಕು ಪಟ್ಟಿಗಳನ್ನು ಅಂಚಿಗೆ ಅಂಚು ವೆಲ್ಡ್ ಮಾಡಿ, ಪೆಟ್ಟಿಗೆಯಂಥ ಟೊಳ್ಳು ತೊಲೆ ಮಾಡಿದರು. ಹಗುರ, ಅಗ್ಗ, ತಿರುಚಿದರೂ ಬಗ್ಗದಷ್ಟು ಬಲ. ನನಗೆ ಇದು ಇಡೀ ಗಾಡಿಯ ಅತಿ ಜಾಣ ಭಾಗ ಅನ್ನಿಸುತ್ತದೆ. ಕಾಯಿಲೆಯೂ ಅಲ್ಲೇ ಹೊಕ್ಕಿತು. ಟೊಳ್ಳಿನೊಳಗೆ ಸೇರಿದ ಕೆಸರು, ನೀರು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಸುಲಭವಾಗಿ ಹೊರಬರುವುದಿಲ್ಲ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಗೋಡೆ ಕಾಗದದಷ್ಟಾಗಿರುತ್ತದೆ. ಉಕ್ಕಿಗೆ ಬೋಲ್ಟ್ ಬಿಗಿದ ಕಡೆಗಳಲ್ಲಿ ಅಲ್ಯೂಮಿನಿಯಮ್ಮೂ ಬಿಳಿ ಪುಡಿಯಾಗಿ ಉದುರುತ್ತದೆ. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಬ್ಯಾಟರಿಯೇ ತಾನೆ.

ತಮಾಷೆಯೆಂದರೆ ಇದಕ್ಕೆ ಮದ್ದು ಮೊದಲೇ ಗೊತ್ತಿತ್ತು. 1948ರಲ್ಲಿ ಪರೀಕ್ಷೆಗೆಂದು ಕಟ್ಟಿದ ಆರಂಭಿಕ ಗಾಡಿಗಳ ಚಾಸಿಗೆ ಸತುವಿನ ಲೇಪ ಇತ್ತು. ಮಾರಾಟದ ಗಾಡಿಗಳಿಗೆ ಬರುವಾಗ ಅದು ಮಾಯವಾಗಿ, ಬರೀ ಬಣ್ಣ ಉಳಿಯಿತು. ಕಾರು ವ್ಯಾಪಾರ ಚೇತರಿಸುವವರೆಗೆ ನಾಲ್ಕು ದಿನ ನಡೆದರೆ ಸಾಕು ಎಂದೇ ಈ ಗಾಡಿಯನ್ನು ಮಾಡಿದ್ದು; ನೂರು ವರ್ಷ ಬಾಳಿಸುವ ಲೆಕ್ಕ ಯಾರಿಗಿತ್ತು? ಸಾಫ್ಟ್‌ವೇರ್ ಕೆಲಸದ ನಮ್ಮಂಥವರಿಗೆ ಈ 'ಸದ್ಯಕ್ಕೆ' ಚೆನ್ನಾಗಿ ಗೊತ್ತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಕಂಡ ಗಾಡಿಯ ಸಂತತಿ ಸೊಲಿಹಲ್ ಕಾರ್ಖಾನೆಯಲ್ಲಿ ನಿಂತದ್ದು 2016ರ ಜನವರಿಯಲ್ಲಿ, 20 ಲಕ್ಷಕ್ಕೂ ಹೆಚ್ಚು ಗಾಡಿಗಳ ನಂತರ.

ಈಗ ರಿಪೇರಿಗೆ ದಾರಿ ಎರಡು. ಕೊಳೆತ ತುಂಡು ಕತ್ತರಿಸಿ ತೇಪೆ ಹಾಕುವುದು ಒಂದು; ಹಿಂದಿನ ಅಡ್ಡತೊಲೆ, ಸ್ಪ್ರಿಂಗ್ ಕೂರುವ ಜಾಗಗಳು ಸಾಮಾನ್ಯವಾಗಿ ಮೊದಲು ಹೋಗುತ್ತವೆ. ಇನ್ನೊಂದು, ಗಾಡಿಯನ್ನು ಪೂರ್ತಿ ಬಿಚ್ಚಿ, ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹೊಸ ಚಾಸಿಯ ಮೇಲೆ ಮತ್ತೆ ಜೋಡಿಸುವುದು. ಸತು ಒಳಗೋಡೆಗೂ ಹತ್ತುವುದರಿಂದ ಇದೇ ಗಟ್ಟಿ ಕೆಲಸ. ಆದರೆ ಆಮೇಲೆ ಅದು ಅದೇ ಗಾಡಿಯೇ?

ನಮ್ಮ ಊರಿನ ತೇರಿಗೆ ಗಾಲಿ, ಅಚ್ಚು, ತೊಲೆ ಏನು ಬದಲಿಸಿದರೂ ಅದು ಅದೇ ತೇರು. ಸರ್ಕಾರಿ ಕಾಗದ ಅಷ್ಟು ಉದಾರಿಯಲ್ಲ. ಕರ್ನಾಟಕದ ಗಾಡಿಯನ್ನು ಪುಣೆಯಲ್ಲಿ ನೋಂದಾಯಿಸಲು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದವರಿಗೆ ಗೊತ್ತು, ಗಾಡಿಯ ಪ್ರಾಣ ಎಲ್ಲಿದೆಯೆಂದು. ಬ್ರಿಟನ್ನಿನಲ್ಲಿ ಬಹುಕಾಲ ನಡೆದ ಅಂಕಪದ್ಧತಿಯಲ್ಲೂ ವಿಪರೀತ ಮಾರ್ಪಟ್ಟ ಗಾಡಿ ತನ್ನ ನಂಬರು ಉಳಿಸಿಕೊಳ್ಳಲು 8 ಅಂಕ ಬೇಕಿತ್ತು: ಚಾಸಿಗೆ 5, ಎಂಜಿನ್ನಿಗೆ ಬರೀ 1. ಆದರೂ ಮೂಲ ಅಳತೆಯದೇ ಹೊಸ ಚಾಸಿಯನ್ನು ಕಂಪನಿಯಿಂದಲೇ ತಂದು ಹಾಕಿದರೆ ಆ 5 ಅಂಕ ಸಿಗುತ್ತಿತ್ತು. ತೀರ್ಪು ನನಗೆ ಸರಿಯೆನಿಸುತ್ತದೆ. ನಡೆಯದ ಅಪ್ಪಟ ಗಾಡಿಗಿಂತ ಕೆಲಸಕ್ಕೆ ಬರುವ ತೇಪೆ ಗಾಡಿ ಮೇಲು; ರೈತನ ಗಾಡಿಯಲ್ಲವೇ ಅದು.

2018ರಲ್ಲಿ, ಟಾಟಾ ಮೋಟಾರ್ಸ್ ಈ ಕಂಪನಿಯನ್ನು ಕೊಂಡು ಹತ್ತು ವರ್ಷವಾಗಿದ್ದಾಗ, ಆಮ್‌ಸ್ಟರ್‌ಡ್ಯಾಮಿನಲ್ಲಿ ನಿಂತಿದ್ದ ಗಾಡಿಗಳಲ್ಲೊಂದು ಸೊಲಿಹಲ್‌ನಿಂದ ಕೆಲವೇ ಮೈಲಿ ದೂರದ ಹಿತ್ತಿಲೊಂದರಲ್ಲಿ ಸಿಕ್ಕಿತೆಂಬ ಸುದ್ದಿ ಹೊರಬಿತ್ತು. 1960ರ ದಶಕದ ನಂತರ ರಸ್ತೆ ಕಂಡಿರಲಿಲ್ಲ. 20 ವರ್ಷ ವೇಲ್ಸ್‌ನ ಹೊಲದಲ್ಲಿ ನಿಂತಿತ್ತು. ಆ ಸತುವಿನ ಲೇಪದ ಚಾಸಿಯವುಗಳಲ್ಲಿ ಅದೂ ಒಂದು. ಕಂಪನಿಯವರು ಅದನ್ನು ಹೊಸದರಂತೆ ಹೊಳಪಿಸಲು ಹೋಗಲಿಲ್ಲ. 1948ರಲ್ಲಿ ಬಳಿದಿದ್ದ ತೆಳು ಹಸಿರು ಬಣ್ಣವನ್ನು, ಮಾಸಿದ ಹಾಗೆಯೇ ಉಳಿಸಿಕೊಳ್ಳಲು ತೀರ್ಮಾನಿಸಿದರು.