ಪಾಠಶಾಲೆ ಕಾಪಾಡಿದ ಕಾವ್ಯ

ರೋಮ್ ಸಾಮ್ರಾಜ್ಯದ ಪ್ರಥಮ ಚಕ್ರವರ್ತಿಯಾದ ಆಗಸ್ಟಸನು ಕ್ರಿ.ಶ. 8ರಲ್ಲಿ ತನ್ನ ರಾಜಧಾನಿಯ ಪರಮ ಜನಪ್ರಿಯ ಕವಿಯನ್ನು ಕಪ್ಪುಸಮುದ್ರದ ತೀರದಲ್ಲಿದ್ದ ತೊಮಿಸ್ ಎಂಬ ಗಡಿನಾಡ ಊರಿಗೆ ಅಟ್ಟಿದಾಗ, ಆ ಕವಿಯ ಬಳಿ ಹದಿನೈದು ಸರ್ಗಗಳ ಮಹಾಕಾವ್ಯವೊಂದು ಹೆಚ್ಚುಕಡಿಮೆ ಸಿದ್ಧವಾಗಿದ್ದಿತು. ಕವಿಯು ಪಬ್ಲಿಯಸ್ ಒವಿಡಿಯಸ್ ನಾಸೊ. ಲೋಕವು ಅವನನ್ನು ಓವಿಡ್ ಎಂದು ಬಲ್ಲುದು. ಕಾವ್ಯವು ‘ಮೆಟಮಾರ್ಫಸಿಸ್’, ಅರ್ಥಾತ್ ರೂಪಾಂತರಗಳ ಕಥನ. ತನ್ನ ಶಿಕ್ಷೆಗೆ ಒಂದು ಕಾವ್ಯ ಹಾಗೂ ಒಂದು ಪ್ರಮಾದ ಕಾರಣವೆಂದು ಅವನೇ ಬರೆದುಕೊಂಡಿದ್ದಾನೆ. ಆ ಕಾವ್ಯವು ಪ್ರಣಯಕಲೆಯನ್ನು ಕುರಿತು ಅವನು ಹಿಂದೆ ರಚಿಸಿದ್ದ ಕೃತಿ. ಪ್ರಮಾದವೇನೆಂಬುದನ್ನು ಅವನು ಎಂದೂ ಬಿಡಿಸಿ ಹೇಳಲಿಲ್ಲ. ರೋಮನ್ನು ಬಿಟ್ಟು ಹೊರಡುವಾಗ ದುಃಖಾವೇಶದಲ್ಲಿ ತನ್ನ ಹಸ್ತಪ್ರತಿಯನ್ನು ಬೆಂಕಿಗೆ ಹಾಕಿದುದಾಗಿಯೂ, ಬೇರೆ ಪ್ರತಿಗಳು ಇದ್ದುದರಿಂದ ಕಾವ್ಯವು ಉಳಿಯಿತೆಂದೂ ಪರದೇಶವಾಸದ ಪದ್ಯಗಳಲ್ಲಿ ಅವನು ತಿಳಿಸುತ್ತಾನೆ.

ಬೆಂಕಿಯಿಂದ ಪಾರಾದ ಕಾವ್ಯವು ಕಾಲದಿಂದ ಪಾರಾದುದು ಹೇಗೆ? ರಸಿಕರು ಮೆಚ್ಚಿದರು, ಆದುದರಿಂದ ಉಳಿಯಿತು ಎಂದು ಹೇಳಿಬಿಡುವುದು ಸುಲಭ. ಆದರೆ ರಸಿಕರು ಮೆಚ್ಚಿದ ಪ್ರಾಚೀನ ಕೃತಿಗಳೆಷ್ಟೋ ಹೇಳಹೆಸರಿಲ್ಲದೆ ಹೋಗಿವೆ. ಇದೇ ಓವಿಡನು ಬರೆದ, ಪ್ರಾಚೀನರು ಬಹುವಾಗಿ ಹೊಗಳಿದ ‘ಮೀಡಿಯಾ’ ಎಂಬ ದುರಂತನಾಟಕದಲ್ಲಿ ಇಂದು ಒಂದೆರಡು ಪಂಕ್ತಿಗಳ ಹೊರತು ಮತ್ತೇನೂ ದೊರೆಯುವುದಿಲ್ಲ. ‘ಮೆಟಮಾರ್ಫಸಿಸ್’ ಕಾವ್ಯವನ್ನು ಎರಡು ಸಾವಿರ ವರ್ಷಗಳ ದಾರಿಯಲ್ಲಿ ಹೊತ್ತು ತಂದವರು ಮುಖ್ಯವಾಗಿ ಶಾಲೆಯ ಉಪಾಧ್ಯಾಯರು ಎಂಬುದು ನನ್ನ ದೃಢವಾದ ನಂಬಿಕೆ.

ಕಾವ್ಯದ ವಿಸ್ತಾರವನ್ನು ಮೊದಲು ನೋಡೋಣ. ಸುಮಾರು 12,000 ಪಂಕ್ತಿಗಳು, ಸುಮಾರು 250 ಕಥೆಗಳು. ಸೃಷ್ಟಿಗೆ ಪೂರ್ವದ ಅಸ್ತವ್ಯಸ್ತ ದ್ರವ್ಯರಾಶಿಯಿಂದ ಆರಂಭವಾಗಿ, ಜೂಲಿಯಸ್ ಸೀಸರನ ಆತ್ಮವು ನಕ್ಷತ್ರವಾಗುವ ತನಕ, ಒಂದು ಕಥೆಯ ಹೊಟ್ಟೆಯಿಂದ ಮತ್ತೊಂದು ಕಥೆ ಹುಟ್ಟುತ್ತ ಸಾಗುವ ಈ ಪ್ರವಾಹದಲ್ಲಿ ಡಾಫ್ನೆಯು ಮರವಾಗುತ್ತಾಳೆ, ನಾರ್ಸಿಸಸನು ಹೂವಾಗುತ್ತಾನೆ, ನೇಯ್ಗೆಯಲ್ಲಿ ದೇವಿಯನ್ನೇ ಎದುರಿಸಿದ ಅರಾಕ್ನೆಯು ಜೇಡವಾಗುತ್ತಾಳೆ.

ಇವುಗಳಲ್ಲಿ ನಾಲ್ಕನೆಯ ಸರ್ಗದ ಒಂದು ಚಿಕ್ಕ ಕಥೆಯನ್ನು ತುಸು ಹತ್ತಿರದಿಂದ ನೋಡುವುದು ಉಚಿತ. ಊರೆಲ್ಲ ಬಾಕಸ್ ದೇವನ ಉತ್ಸವದಲ್ಲಿ ಮುಳುಗಿರಲು, ಮಿನ್ಯಾಸನ ಹೆಣ್ಣುಮಕ್ಕಳು ಮಾತ್ರ ಮನೆಯೊಳಗೆ ಉಣ್ಣೆ ನೂಲುತ್ತ, ಬೇಸರ ಕಳೆಯಲು ಕಥೆ ಹೇಳಿಕೊಳ್ಳುತ್ತಾರೆ. ಅವರಲ್ಲೊಬ್ಬಳು, ಬಹಳ ಮಂದಿ ಕೇಳದ ಕಥೆಯಿದೆಂದು ಆರಿಸಿಕೊಂಡು, ಬ್ಯಾಬಿಲೋನಿನ ಪಿರಮಸ್ ಮತ್ತು ಥಿಸ್ಬಿ ಎಂಬ ನೆರೆಮನೆಯ ತರುಣ ತರುಣಿಯರ ವೃತ್ತಾಂತವನ್ನು ಹೇಳುತ್ತಾಳೆ. ತಂದೆಯರು ಅವರ ವಿವಾಹಕ್ಕೆ ಒಪ್ಪರು. ಎರಡು ಮನೆಗಳ ನಡುವಣ ಗೋಡೆಯಲ್ಲಿ ಕಟ್ಟಿದಂದಿನಿಂದಲೂ ಇದ್ದ, ಯಾರ ಕಣ್ಣಿಗೂ ಬೀಳದ ಒಂದು ಬಿರುಕೇ ಅವರ ಮಾತಿನ ಹಾದಿ. ನಗರದ ಹೊರಗೆ, ನೈನಸ್ ಅರಸನ ಸಮಾಧಿಯ ಬಳಿಯ ಮರದಡಿಯಲ್ಲಿ ಸೇರಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ. ಅದು ನಮ್ಮ ರೇಷ್ಮೆ ಸೀಮೆಯವರಿಗೆ ಚಿರಪರಿಚಿತವಾದ ಹಿಪ್ಪುನೇರಳೆಯ ಜಾತಿಯ ಮರ, ಆದರೆ ಬಿಳಿಯ ಹಣ್ಣಿನದು. ಮೊದಲು ಬಂದ ಥಿಸ್ಬಿಯು ಸಿಂಹಿಣಿಯನ್ನು ಕಂಡು ಓಡುವಾಗ ಜಾರಿಬಿದ್ದ ಮುಸುಕನ್ನು ಆ ಮೃಗವು ರಕ್ತಸಿಕ್ತವಾದ ಬಾಯಿಂದ ಹರಿದು ಹಾಕುತ್ತದೆ. ಅದನ್ನು ಕಂಡು, ಅವಳು ಸತ್ತಳೆಂದೇ ಬಗೆದು ಪಿರಮಸನು ಕತ್ತಿಯಿಂದ ಇರಿದುಕೊಳ್ಳುತ್ತಾನೆ. ಹಿಂದಿರುಗಿದ ಥಿಸ್ಬಿಯೂ ಅದೇ ಕತ್ತಿಗೆ ಎದೆಯೊಡ್ಡುತ್ತಾಳೆ. ಅವರ ನೆತ್ತರಿನಿಂದ ಹಣ್ಣು ಕಡುಗೆಂಪಾಯಿತೆಂಬುದು ಇಲ್ಲಿಯ ರೂಪಾಂತರ. ನೆತ್ತರು ಚಿಮ್ಮಿದುದನ್ನು ವರ್ಣಿಸುವಲ್ಲಿ ಕವಿಯು, ಸೀಸದ ಕೊಳವೆ ಒಡೆದು ನೀರು ಸಿಳ್ಳಿಡುತ್ತ ಮೇಲೆ ನೆಗೆಯುವುದನ್ನು ಉಪಮಾನವಾಗಿ ತರುತ್ತಾನೆ. ಇದನ್ನು ಅನೌಚಿತ್ಯವೆಂದು ಹಳಿದ ವಿಮರ್ಶಕರಿದ್ದಾರೆ. ನನಗಾದರೋ ಪುರಾಣದ ಬ್ಯಾಬಿಲೋನಿಗೆ ರೋಮಿನ ಬೀದಿಯ ನೀರಿನ ಕೊಳವೆಯನ್ನು ಎಳೆದು ತಂದ ಈ ಧೈರ್ಯದಲ್ಲಿಯೇ ಓವಿಡನ ಪ್ರತಿಭೆಯು ನಿಚ್ಚಳವಾಗಿ ತೋರುತ್ತದೆ.

ಸಾಮ್ರಾಜ್ಯವು ಕುಸಿದ ತರುವಾಯ ಕೆಲವು ಶತಮಾನಗಳ ಕಾಲ ಈ ಕಾವ್ಯದ ಜಾಡು ಬಲು ತೆಳುವಾಗಿದೆ. 12 ಮತ್ತು 13ನೆಯ ಶತಮಾನಗಳಿಗೆ ಬರುವ ವೇಳೆಗೆ ಸ್ಥಿತಿಯು ಎಷ್ಟು ಮಾರ್ಪಟ್ಟಿತೆಂದರೆ, ಲುಡ್ವಿಗ್ ಟ್ರೌಬೆ ಎಂಬ ಜರ್ಮನ್ ವಿದ್ವಾಂಸನು ಆ ಕಾಲಕ್ಕೆ ಓವಿಡನ ಯುಗವೆಂದೇ ಹೆಸರಿಟ್ಟನು. ಇಂದು ಉಳಿದಿರುವ ಹಸ್ತಪ್ರತಿಗಳು 400ಕ್ಕೂ ಮಿಕ್ಕಿವೆ. ಅವುಗಳಲ್ಲಿ ಅನೇಕದರ ಅಂಚುಗಳಲ್ಲಿ, ಪಂಕ್ತಿಗಳ ನಡುವೆ, ಶಬ್ದಾರ್ಥವನ್ನೂ ಅನ್ವಯವನ್ನೂ ವಿವರಿಸುವ ಸಣ್ಣ ಅಕ್ಷರದ ಟಿಪ್ಪಣಿಗಳು ತುಂಬಿವೆ. ಅವು ಪಾಠ ಹೇಳಿದವರ ಕೈಬರಹದ ಕುರುಹುಗಳು. ಲ್ಯಾಟಿನ್ ಕಲಿಯುವ ಬಾಲಕನಿಗೆ ಓವಿಡನ ಸ್ವಚ್ಛವಾದ ವಾಕ್ಯರಚನೆಗಿಂತ ಉತ್ತಮವಾದ ಮೇಲ್ಪಂಕ್ತಿ ದುರ್ಲಭವಾಗಿದ್ದಿತು. ಪಿರಮಸ್ ಥಿಸ್ಬಿಯರ ಕಥೆಯನ್ನೇ ಹೊಸದಾಗಿ ಪದ್ಯದಲ್ಲಿ ಕಟ್ಟುವುದು ವಿದ್ಯಾರ್ಥಿಗಳ ಅಭ್ಯಾಸಕ್ರಮವಾಗಿ, ಅಂತಹ ಹಲವು ರಚನೆಗಳು ಇಂದಿಗೂ ಉಳಿದುಬಂದಿವೆ.

ಆದರೆ ಅನ್ಯಮತದ ದೇವತೆಗಳ ಕಾಮಕ್ರೋಧಗಳ ಕಥೆಯನ್ನು ಕ್ರೈಸ್ತ ಮಕ್ಕಳಿಗೆ ಬೋಧಿಸಲು ಸಮರ್ಥನೆ ಬೇಡವೆ? ಉಪಾಧ್ಯಾಯರು ಅದಕ್ಕೊಂದು ಕ್ರಮವನ್ನು ಕಂಡುಕೊಂಡಿದ್ದರು. ಗ್ರಂಥದ ಮೊದಲಿಗೆ ಒಂದು ಪೀಠಿಕೆ. ಅದರಲ್ಲಿ ಕವಿಯ ಚರಿತ್ರೆ, ಅವನ ಉದ್ದೇಶ, ಗ್ರಂಥದ ಪ್ರಯೋಜನ, ಅದು ತತ್ತ್ವಶಾಸ್ತ್ರದ ಯಾವ ವಿಭಾಗಕ್ಕೆ ಸೇರತಕ್ಕದ್ದು ಎಂಬ ವಿಚಾರ. ಕೊನೆಯ ಪ್ರಶ್ನೆಗೆ, ನೀತಿಶಾಸ್ತ್ರಕ್ಕೆ ಸೇರಿದುದೆಂದು ಉತ್ತರವಿರುತ್ತಿದ್ದಿತು. ಈ ಒಂದು ರುಜುವಿನ ಬಲದಿಂದ ಕಾವ್ಯವು ಮಠಗಳ ಗ್ರಂಥಾಲಯಗಳಲ್ಲಿಯೂ ಸ್ಥಾನ ಪಡೆಯಿತು. 14ನೆಯ ಶತಮಾನದ ಆದಿಯಲ್ಲಿ ಅಜ್ಞಾತನಾದ ಫ್ರೆಂಚ್ ಕವಿಯೊಬ್ಬನು ಅದನ್ನು ಸುಮಾರು 72,000 ಪಂಕ್ತಿಗಳಿಗೆ ಹಿಗ್ಗಿಸಿ, ಪ್ರತಿಯೊಂದು ಕಥೆಗೂ ಧಾರ್ಮಿಕಾರ್ಥವನ್ನು ಕೂಡಿಸಿದನು. ಅಲ್ಲಿ ಪಿರಮಸನು ದೇವಪುತ್ರ, ಥಿಸ್ಬಿಯು ಮಾನವಾತ್ಮ, ರಕ್ತದಿಂದ ತೊಯ್ದ ಮರವು ಶಿಲುಬೆ. ಇಂದಿನ ಓದುಗನಿಗೆ ಇದು ಬಲಾತ್ಕಾರದ ವ್ಯಾಖ್ಯಾನವೆನಿಸಬಹುದು. ಹಾಗೆ ವ್ಯಾಖ್ಯಾನಿಸಿದವರು ಕಥೆಯನ್ನು ಕಿಂಚಿತ್ತೂ ಕಡೆಗಣಿಸದೆ, ಮೊದಲು ಅದನ್ನು ಪ್ರೀತಿಯಿಂದ ಪೂರ್ತಿಯಾಗಿ ಹೇಳಿ, ಅನಂತರವೇ ಅರ್ಥಕ್ಕೆ ಕೈಹಾಕಿದರೆಂಬುದನ್ನು ನೆನೆದರೆ ಅವರಲ್ಲಿ ಗೌರವವೇ ಹುಟ್ಟುತ್ತದೆ. 16ನೆಯ ಶತಮಾನದಲ್ಲಿ ರೋಮಿನ ಧರ್ಮಪೀಠವು ನಿಷಿದ್ಧಗ್ರಂಥಗಳ ಪಟ್ಟಿಯನ್ನು ಹೊರಡಿಸಿದಾಗ, ಅದರೊಳಗೆ ಸೇರಿದುದು ಈ ಬಗೆಯ ಸಾಂಕೇತಿಕ ವ್ಯಾಖ್ಯಾನಗಳೇ ಹೊರತು ಓವಿಡನ ಮೂಲಕಾವ್ಯವಲ್ಲ.

ಶಿಲ್ಪಿಗಳೂ ಚಿತ್ರಕಾರರೂ ಈ ಗಣಿಯಿಂದ ಪಡೆದುದಕ್ಕೆ ಲೆಕ್ಕವಿಲ್ಲ. ರೋಮಿನ ಬೊರ್ಗೇಸೆ ಕಲಾಸಂಗ್ರಹಾಲಯದಲ್ಲಿರುವ ಬರ್ನಿನಿಯ ಶಿಲ್ಪವೊಂದನ್ನು ಹೆಸರಿಸಿದರೆ ಸಾಕು. 1622ರಿಂದ 1625ರವರೆಗೆ ಅವನು ಕಂಡರಿಸಿದ ಆ ಅಮೃತಶಿಲೆಯಲ್ಲಿ ಅಪೊಲೋ ದೇವನ ಕೈ ಸೋಕುತ್ತಿರುವಂತೆಯೇ ಡಾಫ್ನೆಯ ಮೈಯನ್ನು ತೊಗಟೆ ಕವಿಯುತ್ತದೆ, ಬೆರಳ ತುದಿಗಳು ಚಿಗುರೊಡೆಯುತ್ತವೆ. ಅದನ್ನು ಮಾಡಿಸಿದಾತನು ಕಾರ್ಡಿನಲ್ ಪದವಿಯ ಧರ್ಮಾಧಿಕಾರಿ. ಕ್ಷಣಿಕಸೌಂದರ್ಯವನ್ನು ಬೆನ್ನಟ್ಟುವವರನ್ನು ಎಚ್ಚರಿಸುವ ಲ್ಯಾಟಿನ್ ದ್ವಿಪದಿಯೊಂದನ್ನು ಅದರ ಪೀಠದಲ್ಲಿ ಕೆತ್ತಿಸಲಾಯಿತು. ಶಾಲೆಯ ಪೀಠಿಕೆಯು ಇಲ್ಲಿ ಕಲ್ಲನ್ನು ಏರಿತ್ತು.

ಇಂಗ್ಲೆಂಡಿನಲ್ಲಿ ಆರ್ಥರ್ ಗೋಲ್ಡಿಂಗನು 1567ರಲ್ಲಿ ಸಂಪೂರ್ಣ ಕಾವ್ಯವನ್ನು ಇಂಗ್ಲಿಷಿಗೆ ತಂದನು. ಷೇಕ್ಸ್‌ಪಿಯರನು ಅದನ್ನೂ ಮೂಲವನ್ನೂ ಬಲ್ಲವನಾಗಿದ್ದನು. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಅಥೆನ್ಸಿನ ಕುಶಲಕರ್ಮಿಗಳು ಪಿರಮಸ್ ಥಿಸ್ಬಿಯರ ಕಥೆಯನ್ನು ಆಡಿತೋರಿಸುವಾಗ, ಪಾತ್ರೆ ಬೆಸೆಯುವವನೊಬ್ಬನು ತಾನೇ ಗೋಡೆಯಾಗಿ ನಿಂತು, ಬೆರಳುಗಳನ್ನು ಅಗಲಿಸಿ ಬಿರುಕನ್ನು ತೋರಿಸುತ್ತಾನೆ. ನಗುವಿನ ಆ ಪ್ರಸಂಗಕ್ಕಿಂತಲೂ ನನ್ನನ್ನು ಕಲಕುವುದು ‘ಟೈಟಸ್ ಆಂಡ್ರೋನಿಕಸ್’ ನಾಟಕದ ದೃಶ್ಯ. ಕ್ರೂರಿಗಳು ನಾಲಗೆಯನ್ನೂ ಕೈಗಳನ್ನೂ ಕತ್ತರಿಸಿದ ಲವಿನಿಯಾ, ಪುಸ್ತಕಗಳನ್ನು ಹಿಡಿದ ಬಾಲಕನನ್ನು ಹಿಂಬಾಲಿಸಿ ಬಂದು, ಅವುಗಳಲ್ಲಿ ಓವಿಡನ ಕಾವ್ಯವನ್ನೇ ಆರಿಸಿ, ಮೊಂಡುಗೈಗಳಿಂದ ಹಾಳೆ ಮಗುಚಿ, ತನ್ನಂತೆಯೇ ಅತ್ಯಾಚಾರಕ್ಕೀಡಾಗಿ ನಾಲಗೆ ಕಳೆದುಕೊಂಡ ಫಿಲೊಮೆಲಳ ಕಥೆಯ ಪುಟವನ್ನು ತೋರಿಸಿ ತನಗಾದ ಅತ್ಯಾಚಾರವನ್ನು ತಂದೆಗೆ ತಿಳಿಸುತ್ತಾಳೆ. ಆ ಪ್ರತಿಯು ಬಾಲಕನಿಗೆ ಅವನ ತಾಯಿ ಕೊಟ್ಟದ್ದು. ಮನೆಯ ಹುಡುಗನೊಬ್ಬನ ಓದಿನ ಪುಸ್ತಕವು ಬಾಯಿಲ್ಲದವಳಿಗೆ ಬಾಯಾಯಿತು.

ಗ್ರೀಕ್ ಮೂಲಗಳನ್ನೇ ಹಿರಿದೆಂದು ಎಣಿಸಿದ 19ನೆಯ ಶತಮಾನದಲ್ಲಿ ಓವಿಡನ ಮನ್ನಣೆ ಇಳಿಯಿತು. ಕಾಲಕ್ರಮದಲ್ಲಿ ಲ್ಯಾಟಿನ್ ವ್ಯಾಸಂಗವೇ ಶಾಲೆಗಳಿಂದ ಹಿಂದೆ ಸರಿಯಿತು. ಅವನನ್ನು ಜನರ ಬಳಿಗೆ ಒಯ್ಯುವ ಭಾರವು ಈಗ ಬಹುಮಟ್ಟಿಗೆ ಅನುವಾದಕರ ಮೇಲಿದೆ. 1997ರಲ್ಲಿ ಟೆಡ್ ಹ್ಯೂಸ್ ಎಂಬ ಆಂಗ್ಲಕವಿಯು 24 ಭಾಗಗಳನ್ನು ಆರಿಸಿ ಹೊಸದಾಗಿ ರಚಿಸಿದಾಗ, ಮೂಲದ ಕ್ರಮವನ್ನು ಬದಲಿಸಿ, ಸೀಸರನ ನಕ್ಷತ್ರವನ್ನು ಕೈಬಿಟ್ಟು, ಪಿರಮಸ್ ಥಿಸ್ಬಿಯರ ಕಥೆಯನ್ನೇ ಗ್ರಂಥದ ಕೊನೆಗೆ ಇರಿಸಿದನು.